ಬಾಗಿಲ ಎಡಕ್ಕೊಂದು ಮೊಳೆ

ಮಹಾರಾಜರ ಕಾಲ. ಹುಣಸೂರಿನ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದ ಎಲಿಯಾಹುವಿನ ಹೆಂಡತಿ ರಿಬ್ಕಾಳಿಗೆ ಆ ವರ್ಷ ಒಂದೇ ಹಟ: ಅಮ್ಮನ ಹಿತ್ತಾಳೆ ದೀಪವನ್ನು ಬೀದಿಬಾಗಿಲಲ್ಲೇ ತೂಗುಹಾಕಬೇಕು. ಕೊಚ್ಚಿ ಪಕ್ಕದ ಪರವೂರಿನಲ್ಲಿ ಅಮ್ಮ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಕಾಗದ ಕೈಸೇರುವ ಹೊತ್ತಿಗೆ ಏಳು ದಿನದ ಸೂತಕವೂ ಕಳೆದಿತ್ತು. ಹಿಂದೆಯೇ ಗೋಣಿಯಲ್ಲಿ ಸುತ್ತಿ ಬಂದದ್ದು ಈ ದೀಪ.

ಅದು ಯೆಹೂದಿಗಳ ಹನುಕ್ಕಾ ಹಬ್ಬದ ದೀಪ. ಹನುಕ್ಕಾ ಅಂದರೆ ಎಂಟು ಸಂಜೆ, ದಿನಕ್ಕೊಂದು ಬತ್ತಿ ಹೆಚ್ಚು. ಯೆಹೂದಿಗಳ ಬಾಗಿಲ ಬಲಗಂಬಕ್ಕೆ ದೇವರ ಮಾತು ಬರೆದ ಚೀಟಿಯ ಪುಟ್ಟ ಕೊಳವೆ ಇರುತ್ತದೆ, ದೀಪ ಎಡಕ್ಕೆ. ಬೀದಿಯಲ್ಲಿ ಹೋಗುವವರು ಅದನ್ನು ನೋಡಬೇಕು. ಪರವೂರಿನಲ್ಲಿ ಅಮ್ಮ ಮೆಟ್ಟಿಲ ಮೇಲೆ ನಿಂತು ಬೀದಿಯುದ್ದದ ದೀಪಗಳನ್ನೆಲ್ಲ ನೋಡಿ, ಇವರ ಬತ್ತಿ ಸಣ್ಣ, ಅವರು ಎಣ್ಣೆಗೆ ಜಿಪುಣರು ಎಂದು ಆಡಿಕೊಳ್ಳದಿದ್ದರೆ ಅವಳಿಗೆ ಹಬ್ಬವೇ ಆಗುತ್ತಿರಲಿಲ್ಲ.

"ಮೇಜಿನ ಮೇಲಿಡು, ಪರಸ್ಥಳದಲ್ಲಿ ಅದೂ ನಡೆಯುತ್ತದೆ," ಎಂದ ಎಲಿಯಾಹು. "ಇಲ್ಲಿ ನೋಡುವುದಕ್ಕೆ ನಮ್ಮವರು ಯಾರಿದ್ದಾರೆ?"

ಗಂಡಸರಿಗೇನು, ಬಾಯಿಗೆ ಬಂದದ್ದೇ ನ್ಯಾಯ! ಮದುವೆಯಾಗಿ ಬಂದಾಗಿನಿಂದ ಆರು ವರ್ಷ ಮೇಜಿನ ಮೇಲೇ ಹಚ್ಚಿದ್ದಳು ರಿಬ್ಕಾ. ಈ ಸಲ ಆಗದು ಎಂದರೆ ಆಗದು.

ಆದರೆ ಮನೆ ಬಾಡಿಗೆಯದು. ಮೊಳೆ ಹೊಡೆಯಲು ಮನೆಯೊಡತಿ ಬೀರಮ್ಮ ಒಪ್ಪಬೇಕು. ಅವಳೋ, ದೀಪಾವಳಿಗೆ ಸುಣ್ಣ ಬಳಿಸಿದ ಗೋಡೆಗೆ ಯಾರಾದರೂ ಒರಗಿದರೂ ಊರು ಕೇರಿ ಒಂದು ಮಾಡುವ ಹೆಂಗಸು.

"ಮೊಳೆನಾ? ನನ್ ಗ್ವಾಡೆಗಾ?" ಎಂದಳು ಬೀರಮ್ಮ. "ಅದೂ ಎಡಕ್ಕೆ! ಎಡಗಡೆ ಯಾರಾರ ದೀಪ ಮಡಗ್ತಾರ ಕಣವ್ವ? ಒಳಗೆ ಮಡಿಕೊ, ಯಾರ್ ಬ್ಯಾಡ ಅಂದೋರು?"

"ಬೀದೀಲಿ ಹೋಗೋರಿಗೆ ಕಾಣಬೇಕು ಬೀರಕ್ಕ."

"ಈ ಬೀದೀಲಿ ಓಗೋರು ಮರದ ಗಾಡಿಯೋರು, ಅವರ ಎತ್ತು. ಯಾರಿಗವ್ವ ತೋರ್ಸೀಯೆ?"

"ನಮ್ಮಮ್ಮನಿಗೆ," ಎಂದುಬಿಟ್ಟಳು ರಿಬ್ಕಾ.

ತನ್ನ ಮಾತಿಗೆ ಅವಳೇ ಗಾಬರಿಯಾದಳು. ಸತ್ತವರು ದೀಪ ನೋಡಲು ಬರುತ್ತಾರೆಂದು ಅವಳ ಶಾಸ್ತ್ರ ಹೇಳಿರಲಿಲ್ಲ. ಶಾಸ್ತ್ರ ಯಾರಿಗೆ ಬೇಕಿತ್ತು? ಅವಳಿಗೆ ಅಮ್ಮ ಬೇಕಿತ್ತು. ಆರು ವರ್ಷದಿಂದ ಆ ಮುಖ ನೋಡಿರಲಿಲ್ಲ, ಇನ್ನು ನೋಡುವಂತೆಯೂ ಇರಲಿಲ್ಲ. ಹೊಸಿಲಲ್ಲೇ ನಿಂತು ಬಿಕ್ಕಿ ಬಿಕ್ಕಿ ಅತ್ತಳು.

ಬೀರಮ್ಮ ತಿರುಗಿ ಪಕ್ಕದ ತನ್ನ ಮನೆಯೊಳಕ್ಕೆ ಹೋದಳು. ಕೆಟ್ಟಿತು ಕೆಲಸ ಎಂದುಕೊಂಡಳು ರಿಬ್ಕಾ. ಬೀರಮ್ಮ ವಾಪಸು ಬಂದಾಗ ಕೈಯಲ್ಲಿ ಸುತ್ತಿಗೆ, ಹಲ್ಲಿನ ನಡುವೆ ಮೊಳೆ. ಮೊಳೆಯನ್ನು ಎಡಗಡೆ ಗೋಡೆಗೆ ಆನಿಸಿ, ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ಸರಿಸಿ ನೋಡಿ, ಹಿಂದಕ್ಕೆ ತಿರುಗಿ ಕೇಳಿದಳು.

"ನಿಮ್ಮವ್ವ ಏಟು ಎತ್ರ ಇದ್ರವ್ವ?"

ರಿಬ್ಕಾ ಕಣ್ಣೊರೆಸಿಕೊಂಡು ತನ್ನ ಭುಜದ ಮಟ್ಟಕ್ಕೆ ಕೈಯಿಟ್ಟು ತೋರಿಸಿದಳು.

"ಅಂಗಾರೆ ಅವರ ಕಣ್ಮಟ್ಟಕ್ಕೇ ಒಡೀತೀನಿ ಬುಡು," ಎಂದು ಬೀರಮ್ಮ ಮೂರೇ ಏಟಿಗೆ ಮೊಳೆ ಇಳಿಸಿದಳು. ಸುಣ್ಣ ಉದುರಿತು, ಅವಳು ಅತ್ತ ನೋಡಲೂ ಇಲ್ಲ.

ಆ ಸಂಜೆ ಮೊದಲ ಬತ್ತಿ ಹಚ್ಚಲು ರಿಬ್ಕಾ ಸ್ವಲ್ಪ ಬಗ್ಗಬೇಕಾಯಿತು.