ಬಣ್ಣ ನಿಲ್ಲದ ಮುಖ

ನಾಟಕದ ಎರಡನೆಯ ಅಂಕದಲ್ಲಿ ಸಾಹುಕಾರ ಹೃದಯಾಘಾತದಿಂದ ಸಾಯಬೇಕು. ಆ ಪಾತ್ರ ಮಾಡುತ್ತಿದ್ದವರು ಕನ್ನಡಕದ ಅಂಗಡಿಯವರು; ತಂಡದಲ್ಲಿ ಅವರಿಗೆ ಸಾಹುಕಾರರೆಂದೇ ಹೆಸರು. ಇಷ್ಟು ವರ್ಷಗಳಲ್ಲಿ ಅವರು ಸಾಯುವ ರೀತಿ ಬದಲಾಗಿರಲಿಲ್ಲ. ಎರಡೂ ಕೈಯಿಂದ ಎದೆ ಹಿಡಿದು, ಕೊನೆಯ ಸಾಲಿಗೂ ಕೇಳುವಂತೆ 'ಅಯ್ಯೋ' ಎಂದು ಕೂಗಿ, ಮೂರು ಸುತ್ತು ತಿರುಗಿ, ಸೋಫಾ ಇದ್ದಲ್ಲೇ ಇದೆಯೇ ಎಂದು ಓರೆಗಣ್ಣಿನಲ್ಲಿ ಖಾತ್ರಿ ಮಾಡಿಕೊಂಡು ಅದರ ಮೇಲೆ ಬೀಳುತ್ತಿದ್ದರು.

"ಸ್ವಲ್ಪ ಸಹಜವಾಗಿ ಸಾಯಪ್ಪಾ," ಎಂದು ನಿರ್ದೇಶಕರು ಬೇಡಿಕೊಂಡು ಸುಸ್ತಾಗಿದ್ದರು. ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ತಂಡಕ್ಕೆ ಬಣ್ಣ ಹಚ್ಚುವವಳು ಸಾಹುಕಾರರ ಹೆಂಡತಿಯೇ. ಅವಳ ದೂರು ಬೇರೆ. "ರೀ, ಎರಡೇ ಸುತ್ತಿಗೆ ಸಾಯಬಾರದಾ? ಮೂರನೇದಕ್ಕೆ ಮೀಸೆ ಬಿಚ್ಕೊಳ್ಳತ್ತೆ."

"ಸಾಯೋನು ನಾನು ಕಣೇ. ಎಷ್ಟು ಸುತ್ತು ಅಂತ ನನಗೆ ಬಿಡು."

ಪ್ರದರ್ಶನದ ದಿನ ಮಧ್ಯಾಹ್ನ ಕೊನೆಯ ತಾಲೀಮು. ಅವಳು ಹಚ್ಚಿದ ಬಣ್ಣ ಅವರ ಹಣೆಯ ಮೇಲೆ ನಿಲ್ಲಲೊಲ್ಲದು. ಒರೆಸಿ ಪೌಡರ್ ಹಾಕಿದರೆ ಮತ್ತೆ ಬೆವರಿನ ಹನಿ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಮುಟ್ಟಿದರೆ ಚರ್ಮ ತಣ್ಣಗಿತ್ತು.

"ಏನ್ರೀ, ಒಳಗೆ ನಲ್ಲಿ ತಿರುಗಿಸಿ ಬಂದಿದೀರಾ?"

ಅವರು ದವಡೆ ಸವರಿಕೊಂಡರು. "ಮೀಸೆಗೆ ಅಂಟು ಜಾಸ್ತಿ ಹಾಕಿದೀಯ. ಇಲ್ಲೆಲ್ಲಾ ಎಳೀತಿದೆ."

ಅಷ್ಟರಲ್ಲಿ ಮೇಷ್ಟ್ರು ಕರೆದರು. ಸಾಹುಕಾರರು ಎದ್ದು ರಂಗಕ್ಕೆ ಹೋದರು. ಅವಳು ಕೆಳಗೆ ನೋಡಿದಳು. ಮೀಸೆ ಇನ್ನೂ ಅವಳ ಕೈಯಲ್ಲೇ ಇತ್ತು.

ರಂಗದ ಮೇಲೆ ಸಾಹುಕಾರರು ಎದೆ ಹಿಡಿಯಲಿಲ್ಲ, ಕೂಗಲಿಲ್ಲ. ಸೋಫಾದ ಅಂಚಿನಲ್ಲಿ ಮೆಲ್ಲಗೆ ಕುಳಿತರು. ಎಡತೋಳನ್ನು ಒತ್ತಿಕೊಂಡು, ಏನನ್ನೋ ಎಲ್ಲೋ ಮರೆತು ಬಂದವರಂತೆ ನೆಲ ನೋಡುತ್ತ ಉಳಿದರು.

"ಇದು! ಇದನ್ನೇ ಕೇಳ್ತಿದ್ದೆ ನಾನು!" ಮೇಷ್ಟ್ರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಅವಳು ಮೀಸೆ ಹಿಡಿದೇ ಓಡಿಬಂದಳು. "ಚಪ್ಪಾಳೆ ಸಾಕು ಮೇಷ್ಟ್ರೇ. ಆಂಬುಲೆನ್ಸಿಗೆ ಫೋನ್ ಮಾಡಿ."

"ಯಾಕಮ್ಮಾ, ಇಷ್ಟು ಚೆನ್ನಾಗಿ ಮಾಡ್ತಿರೋವಾಗ..."

"ಇವರಿಗೆ ಇಷ್ಟು ಚೆನ್ನಾಗಿ ಮಾಡೋಕೆ ಬರಲ್ಲ!"

ಚಪ್ಪಾಳೆ ನಿಂತಿತು. ಮೇಷ್ಟ್ರು ಫೋನು ತೆಗೆದರು.

"ಗ್ಯಾಸ್ ಕಣೇ," ಎಂದರು ಸಾಹುಕಾರರು. "ಸಂಜೆ ನಾಟಕ ಮುಗೀಲಿ, ನಾನೇ ಕಾರು ಓಡಿಸ್ಕೊಂಡು ಹೋಗಿ ತೋರಿಸ್ತೀನಿ."

"ಕಾರೂ ಇಲ್ಲ, ಒಂದು ಹೆಜ್ಜೆನೂ ಇಲ್ಲ. ಒರಗಿ ಕೂತ್ಕೊಳ್ಳಿ." ಅವಳು ಕೋಟಿನ ಗುಂಡಿ ಬಿಚ್ಚಿದಳು. "ಎದೆ ನೋಯ್ತಿದೆಯಾ?"

"ನೋವಲ್ಲ. ಯಾರೋ ಮೇಲೆ ಕೂತ ಹಾಗೆ."

ಫೋನಿನ ಆ ಕಡೆಯ ದನಿ, ಆಸ್ಪಿರಿನ್ ಒಗ್ಗುವುದಿಲ್ಲವೇ, ಹೊಟ್ಟೆಯಲ್ಲಿ ಹುಣ್ಣು, ರಕ್ತಸ್ರಾವ ಏನಾದರೂ ಇದೆಯೇ ಎಂದು ಕೇಳಿತು. ಅಂಥದ್ದೇನೂ ಇಲ್ಲ ಎಂದಾಗ ಒಂದು ಮಾತ್ರೆ ಅಗಿಯಲು ಕೊಡಿ ಎಂದಿತು. ತಂಡದ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಮಾತ್ರೆ ಸಿಕ್ಕಿತು.

"ಥೂ, ಏನು ರುಚಿ ಇದು!"

"ನಿಮ್ಮ ಸಾವನ್ನ ಇಷ್ಟು ವರ್ಷ ಸಹಿಸ್ಕೊಂಡಿದೀನಿ. ಇದೊಂದು ಮಾತ್ರೆ ಸಹಿಸ್ಕೊಳ್ಳೋಕಾಗಲ್ವಾ? ಅಗೀರಿ." ಮೀಸೆ ಹಿಡಿದ ಕೈಯಿಂದಲೇ ಅವರ ಹಣೆಯ ಬೆವರು ಒರೆಸಿದಳು. ಆಂಬುಲೆನ್ಸ್ ಬರುವವರೆಗೂ ಅವಳು ಅವರ ಪಕ್ಕ ಬಿಟ್ಟು ಕದಲಲಿಲ್ಲ.

ಆಸ್ಪತ್ರೆಯಲ್ಲಿ ಕಟ್ಟಿಕೊಂಡಿದ್ದ ರಕ್ತನಾಳವನ್ನು ಕೂಡಲೇ ತೆರೆದರು. ಗ್ಯಾಸ್ ಎಂದು ಸಂಜೆಯವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರು.

ಎದ್ದು ಕೂರುವಷ್ಟಾದಾಗ ಸಾಹುಕಾರರಿಗೆ ಮೊದಲು ನೆನಪಾದದ್ದು ಚಪ್ಪಾಳೆ. "ಮೇಷ್ಟ್ರು ಎದ್ದುನಿಂತು ತಟ್ಟಿದ್ರು ಕಣೇ! ಇನ್ಮೇಲೆ ಹಾಗೇ ಸಾಯ್ತೀನಿ."

"ಬೇಡ." ಅವಳು ಹೊದಿಕೆ ಸರಿಮಾಡಿದಳು. "ಎದೆ ಹಿಡ್ಕೊಳ್ಳಿ, ಜೋರಾಗಿ ಕೂಗಿ, ಮೂರಲ್ಲ, ನಾಲ್ಕು ಸುತ್ತು ತಿರುಗಿ. ಆಗ ಪರದೆ ಹಿಂದೆ ನಿಂತಿರೋ ನಂಗೆ, ಸದ್ಯ, ಆರಾಮಾಗಿದಾರೆ ಅಂತ ಗೊತ್ತಾಗತ್ತೆ."

"ಮೀಸೆ ಬಿಚ್ಕೊಂಡ್ರೆ?"

"ಬಿಚ್ಕೊಳ್ಳಲಿ. ಅಂಟಿಸ್ತೀನಿ."