ಸೀಟಿನಲ್ಲೇ ಉಳಿದ ಪ್ಯಾರಾಚೂಟು

"ಏಳನೇ ಕ್ಲಾಸೂ ದಾಟದ ಕತ್ತೆ ಕೈಗೆ ನನ್ನ ಮಗನ ಜೀವ ಕೊಟ್ಟೆನಲ್ಲ!"

ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ ಕಾಫಿ ಹಿಡಿದು ನಿಂತಿದ್ದವರೆಲ್ಲ ನನ್ನ ಕಡೆ ತಿರುಗಿದರು. ವೈನಾಂಡ್‌ನನ್ನು ಮಣ್ಣು ಮಾಡಿ ಆಗಷ್ಟೇ ಬಂದಿದ್ದೆವು. ಅವನ ಅಪ್ಪ ಹೆನ್ನಿಂಗ್‌ರನ್ನು ನಾವೆಲ್ಲ ಓಮ್, ಅಂದರೆ ಚಿಕ್ಕಪ್ಪ, ಎಂದೇ ಕರೆಯುವುದು. ಅವರ ಬೂಟಿನ ಮೇಲೆ ಗುಂಡಿಯ ಕೆಂಪು ಮಣ್ಣು ಹಾಗೇ ಇತ್ತು. ತನಿಖೆಯವರು ವಾಪಸು ಕೊಟ್ಟಿದ್ದ ಮಗನ ಪ್ಯಾರಾಚೂಟನ್ನು ಅವರು ನನ್ನ ಮೇಜಿನ ಮೇಲೆ ಎಸೆದರು.

"ಬಕಲ್ಲು ತಾನಾಗೇ ಬಿಚ್ಕೊಂಡು ಇದು ಸೀಟಲ್ಲೇ ಉಳೀತು. ಅವನು ಬರಿ ಬೆನ್ನಲ್ಲಿ ಹಾರಿದ. ಇದನ್ನ ನೋಡ್ಕೋತಿದ್ದೋನು ನೀನು, ಪುಲೆ."

ನನಗೆ ಪ್ಯಾರಾಚೂಟು ಮಡಚುವ ಈ ಕೆಲಸ ಕಲಿಸಿದ ಮುದುಕ ಮೊಖೆಥಿ ನನ್ನ ತೋಳು ಹಿಡಿದ. "ಸುಮ್ನಿರೋ. ಮಗನ್ನ ಕಳ್ಕೊಂಡೋನು."

"ನಾನು ಯಾರನ್ನೂ ಕಳ್ಕೊಂಡಿಲ್ವಾ?"

ಆಕಾಶದಲ್ಲಿ ಪಲ್ಟಿ ಹೊಡೆಯುವ ವಿಮಾನ ನೆಲಕ್ಕೆ ಬಂದು ನಿಂತ ಮೇಲೆ ಅದರಿಂದ ಇಳಿಯುವುದಕ್ಕೆ ನಮ್ಮಲ್ಲಿ ಒಂದೇ ಪದ್ಧತಿ. ಸೀಟಿನ ಬೆಲ್ಟು ಮಾತ್ರ ಬಿಚ್ಚಬೇಕು. ಪ್ಯಾರಾಚೂಟು ಹೊತ್ತುಕೊಂಡೇ ಹೊರಗೆ ಬಂದು, ಎರಡೂ ಕಾಲು ನೆಲಕ್ಕೆ ಊರಿದ ಮೇಲೆ ಅದರ ಬಕಲ್ಲಿಗೆ ಕೈ ಹಾಕಬೇಕು. ಎಂಥ ಸೆಕೆಯಿದ್ದರೂ ಅಷ್ಟೇ. "ಕೈಗೆ ಬುದ್ಧಿ ಇಲ್ಲ, ರೂಢಿ ಅಷ್ಟೇ. ಕೆಳಗೆ ಕಲ್ತದ್ದನ್ನೇ ಮೇಲೂ ಮಾಡ್ತದೆ" ಎಂದು ಮೊಖೆಥಿ ಬಂದವರಿಗೆಲ್ಲ ಹೇಳುತ್ತಿದ್ದ.

ಓಮ್ ಹೆನ್ನಿಂಗ್‌ಗೆ ಅದು ತಮಾಷೆ. "ಆಮೆಗಳು ಬಂದ್ವು ನೋಡ್ರೋ" ಎಂದು ನಗುತ್ತಿದ್ದರು. ತಾವು ಮಾತ್ರ ಕೂತಲ್ಲೇ ಎಲ್ಲವನ್ನೂ ಟಕಟಕನೆ ಬಿಚ್ಚಿ, ಪ್ಯಾರಾಚೂಟನ್ನು ದಿಂಬಿನಂತೆ ಸೀಟಲ್ಲೇ ಬಿಟ್ಟು ಜಿಗಿಯುವರು. ವೈನಾಂಡ್ ಹಾರಲೂ ಇಳಿಯಲೂ ಕಲಿತದ್ದು ಅವರ ಹತ್ತಿರ.

ಪ್ಯಾರಾಚೂಟನ್ನು ಬಿಚ್ಚಿ, ಗಾಳಿಗೆ ತೂಗುಹಾಕಿ, ಮತ್ತೆ ಮಡಚುವ ಸಮಯ ಬಂದಾಗಲೆಲ್ಲ ವೈನಾಂಡ್ ತಾನೇ ಬಂದು ಅದನ್ನು ಅರಳಿಸುವ ಹಿಡಿ ಎಳೆಯುತ್ತಿದ್ದ. ದೊಡ್ಡದನ್ನು ಹೊರಗೆಳೆಯುವ ಸ್ಪ್ರಿಂಗಿನ ಪುಟ್ಟ ಬಿಳಿ ಛತ್ರಿ ಚಂಗನೆ ಹಾರಿದರೆ ಅವನಿಗೆ ಹಬ್ಬ. "ಪುಲೆ, ಹೆರಿಗೆ ಆಯ್ತು ಕಣೋ! ಸಕ್ಕರೆ ಹಂಚು!" ಎಂದು ಹ್ಯಾಂಗರು ಕಿತ್ತುಹೋಗುವಂತೆ ಕೂಗುವನು.

ಕೊನೆಯ ಸಲ ಬೈದಿದ್ದೆ. "ಹೊತ್ಕೊಂಡೇ ಇಳಿಯೋ, ದರಿದ್ರದವನೇ."

"ಅಪ್ಪ ನಗ್ತಾನೆ ಕಣೋ."

"ನಕ್ಕರೆ ನಗ್ಲಿ. ಹಲ್ಲು ಉದುರಲ್ಲ."

ಅವನೂ ನಕ್ಕ. ಅಷ್ಟೇ.

ಆ ಶನಿವಾರ ವಿಮಾನದ ಬಾಲ ಕೈಕೊಟ್ಟಾಗ ಅವನು ಸಾಕಷ್ಟು ಎತ್ತರದಲ್ಲಿದ್ದ. ತಲೆಯ ಮೇಲಿನ ಗಾಜಿನ ಮುಚ್ಚಳ ಹಾರಿತು. ಹಿಂದೆಯೇ ಅವನೂ ಹಾರಿದ. "ಈಗ ಅರಳ್ತದೆ, ಈಗ ಅರಳ್ತದೆ" ಎಂದು ನಾನು ಒದರುತ್ತಲೇ ಇದ್ದೆ. ಜೋಳದ ಹೊಲ ಅವನನ್ನು ನುಂಗಿತು.

ಈಗ ಮೇಜಿನ ಮೇಲೆ ಅದೇ ಪ್ಯಾರಾಚೂಟು. ಒಂದು ಮೂಲೆ ಕರಕಲು, ಹಿಡಿಗೆ ನಾನು ಒತ್ತಿದ ಸೀಸದ ಮುದ್ರೆ ಒಡೆಯದೆ ಹಾಗೇ ಇದೆ. ನನ್ನ ಮೈ ಉರಿಯಿತು.

"ಬಕಲ್ಲು ತಾನಾಗೇ ಬಿಚ್ಕೋತದಾ? ಹಾಕ್ಕೊಳ್ಳಿ, ಓಮ್. ಎಲ್ಲರೂ ನೋಡ್ಲಿ."

"ಪುಲೆ, ಬೇಡ" ಎಂದ ಮೊಖೆಥಿ.

ಅವರು ಹಠದಿಂದ ಹಾಕಿಕೊಂಡರು. ಮಗನ ಅಳತೆಗೆ ಬಿಗಿದಿದ್ದ ಪಟ್ಟಿ ಅವರ ಹೊಟ್ಟೆಗೆ ಸಾಲಲಿಲ್ಲ, ಸಡಿಲಿಸಿಕೊಟ್ಟೆ. ಹೆಗಲ ಪಟ್ಟಿಗಳನ್ನು ತೊಲೆಯ ಕೊಕ್ಕೆಗೆ ಸಿಕ್ಕಿಸಿ ಸರಪಳಿ ಎಳೆದೆ. ಬೂಟುಗಳು ನೆಲ ಬಿಟ್ಟವು. ಕೆಂಪು ಮಣ್ಣು ಉದುರಿತು. ಬಕಲ್ಲುಗಳಿಗೆ ಕೈಯಿಂದ ಗುದ್ದಿದೆ, ಪಟ್ಟಿಗೆ ಜೋತುಬಿದ್ದು ಜಗ್ಗಿದೆ. ಎದೆಯದೂ ತೊಡೆಯದೂ ಒಂದು ಬಕಲ್ಲೂ ಅಲುಗಲಿಲ್ಲ.

ಗೆದ್ದಿದ್ದೆ. ಇಳಿಸಿ ಕೊಕ್ಕೆ ತಪ್ಪಿಸಿದೆ.

ಅವರ ದನಿಯಲ್ಲಿ ಸಿಟ್ಟು ಉಳಿದಿರಲಿಲ್ಲ. "ಹಾಗಾದ್ರೆ... ಇದನ್ನ ಬಿಚ್ಚಿದ್ದು ಯಾರು?"

ಕೇಳುತ್ತಿರುವಾಗಲೇ ಅವರ ಕೈ ತನ್ನಷ್ಟಕ್ಕೆ ಹೊಟ್ಟೆಯ ಮೇಲೆ ಹೋಗಿ, ಅಲ್ಲಿಲ್ಲದ ಸೀಟಿನ ಬೆಲ್ಟನ್ನು ಬಿಚ್ಚಿತು. ಅಲ್ಲಿಂದ ಎದೆಗೆ. ಎದೆಯಿಂದ ಒಂದು ತೊಡೆಗೆ, ಇನ್ನೊಂದಕ್ಕೆ. ಟಕ್, ಟಕ್, ಟಕ್. ಪ್ಯಾರಾಚೂಟು ಬೆನ್ನಿನಿಂದ ಜಾರಿ ನೆಲಕ್ಕೆ ಬಿತ್ತು. ಅವರ ಕಣ್ಣು ನನ್ನ ಮುಖದ ಮೇಲಿತ್ತು, ಕೈಯ ಮೇಲಲ್ಲ.

"ಹೇಳೋ, ಪುಲೆ. ನಿನಗೆ ಗೊತ್ತು. ಯಾರು?"

ಉತ್ತರವನ್ನು ಅವರ ಕೈ ಆಗಲೇ ಕೊಟ್ಟಿತ್ತು. ವೈನಾಂಡ್ ನಕ್ಕದ್ದು ನೆನಪಾಯಿತು.

ಸರಪಳಿ ಕೈಬಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ನಡೆದೆ.