ನೀಲಿ ಅಂಚಿನ ತಟ್ಟೆಗಳು

ಇಪ್ಪತ್ತು ಮೈಲಿ ದೂರದ ಡಿಕ್ಕಿ ಸಂತೆಗೇ ಹೋಗೋಣ ಎಂದು ಹಟ ಹಿಡಿದವನು ನಾನೇ. ನಮ್ಮ ಕ್ಲಬ್ಬಿನ ಹಿಂದಿನ ಮೈದಾನದಲ್ಲೇ ಪ್ರತಿ ಭಾನುವಾರ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹಳೆ ಸಾಮಾನು ಮಾರುತ್ತಾರೆ. ಆದರೆ ನಮ್ಮ ಮನೆಯ ಸಾಮಾನನ್ನು ನಮ್ಮೂರವರು ಎತ್ತಿ ತಿರುವಿ ನೋಡುವುದು ಬೇಡ ಎಂದು ಹೆಂಡತಿ ಎವ್ರಿಲ್‌ಗೆ ಹೇಳಿದೆ.

"ಪೆಟ್ರೋಲ್ ನಿಮ್ಮಪ್ಪ ಹಾಕಿಸ್ತಾನಾ?" ಎಂದಳು. ಆದರೂ ಬಂದಳು. ಮುಂದಿನ ತಿಂಗಳು ನಾವು ಸಣ್ಣ ಮನೆಗೆ ಹೋಗಬೇಕಿತ್ತು. ಅರ್ಧ ಸಾಮಾನಿಗೆ ಅಲ್ಲಿ ಜಾಗವಿರಲಿಲ್ಲ.

ಬೆಳಿಗ್ಗೆ ಆರಕ್ಕೆ ಹುಲ್ಲಿನ ಮೇಲೆ ಕಾರು ನಿಲ್ಲಿಸಿದ್ದೇ ತಡ, ಗುಜರಿ ವ್ಯಾಪಾರಿಗಳು ಮುತ್ತಿಕೊಂಡರು. ನಾನಿನ್ನೂ ಮಡಿಚುವ ಮೇಜಿನ ಕಾಲು ಬಿಚ್ಚುತ್ತಿದ್ದೆ. ಅವರ ಕೈಗಳು ಆಗಲೇ ಡಿಕ್ಕಿಯ ಒಳಗಿದ್ದವು.

"ಕೈ ತೆಗೀರೋ! ನಿಮ್ಮತ್ತೆ ಮನೆ ಬೀರು ಅಂದ್ಕೊಂಡ್ರಾ?" ಎಂದು ಕೂಗಿದೆ.

ಚರ್ಮದ ಟೊಪ್ಪಿಯವನೊಬ್ಬ ಕಂಬಳಿಗಳ ಕೆಳಗಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಎಳೆದ. ಆ ಪೆಟ್ಟಿಗೆಯನ್ನು ಅಟ್ಟದಲ್ಲೇ ಬಿಟ್ಟು ಬಂದಿದ್ದೇನೆ ಎಂದುಕೊಂಡಿದ್ದೆ. ಎವ್ರಿಲ್ ಹುಡುಕಿ ತಂದಿದ್ದಳು.

"ಐದು ಪೌಂಡ್ ಕೊಡ್ತೀನಿ," ಎಂದ ಟೊಪ್ಪಿಯವನು.

"ತಗೊಂಡು ಹೋಗು," ಎಂದೆ ನಾನು.

"ಏಯ್, ತಲೆ ಕೆಟ್ಟಿದ್ಯಾ?" ಎವ್ರಿಲ್ ಪೆಟ್ಟಿಗೆಯನ್ನು ಕಿತ್ತುಕೊಂಡಳು. "ಹನ್ನೆರಡು ಜನರ ಊಟದ ಸೆಟ್ಟು, ಸೀಲು ಕೂಡ ಒಡೆದಿಲ್ಲ. ಮೂವತ್ತಕ್ಕೆ ಒಂದು ಪೆನ್ನಿ ಕಮ್ಮಿ ಇಲ್ಲ. ಹೋಗಪ್ಪಾ ನೀನು."

ಟೊಪ್ಪಿಯವನು ಹೋದ. ಎವ್ರಿಲ್ ಅದನ್ನು ಮೇಜಿನ ನಟ್ಟನಡುವೆ ಇಟ್ಟಳು. ಮೇಲೆ ನೀಲಿ ಅಂಚಿನ ತಟ್ಟೆಗಳ ಚಿತ್ರ.

ಅದು ಬಹುಮಾನದ ಸೆಟ್ಟು. ನಮ್ಮದು ಕಲ್ಲಿದ್ದಲ ಗಣಿಯ ಊರು. ಗಣಿ ಮುಚ್ಚಿದರೂ ಲೀಕ್ ಎಂಬ ತರಕಾರಿ ಬೆಳೆಯುವ ಹುಚ್ಚು ಮುಚ್ಚಲಿಲ್ಲ. ಈರುಳ್ಳಿ ಜಾತಿಯದೇ, ಆದರೆ ದಂಟು ತೋಳಿನಷ್ಟು ದಪ್ಪ. ಸೆಪ್ಟೆಂಬರಿನಲ್ಲಿ ಕ್ಲಬ್ಬಿನಲ್ಲಿ ಯಾರದು ದೊಡ್ಡದು ಎಂದು ಅಳತೆಯ ಸ್ಪರ್ಧೆ ನಡೆಯುತ್ತದೆ. ಬಹುಮಾನವೆಂದರೆ ಮನೆಸಾಮಾನು: ಕಂಬಳಿ, ಗಡಿಯಾರ, ಕುರ್ಚಿ, ಪಾತ್ರೆ. ಎಲ್ಲವನ್ನೂ ವಾರಗಟ್ಟಲೆ ವೇದಿಕೆಯ ಮೇಲೆ ಜೋಡಿಸಿಡುತ್ತಾರೆ. ಗೆದ್ದವನು ಮೊದಲು ಆರಿಸಿಕೊಳ್ಳುತ್ತಾನೆ, ಆಮೇಲೆ ಎರಡನೆಯವನು. ಗಂಡ ಗೆದ್ದರೆ ಯಾವುದನ್ನು ಎತ್ತಬೇಕೆಂದು ಹೆಂಡತಿಯರು ಮೊದಲೇ ಹೇಳಿರುತ್ತಾರೆ.

ಹತ್ತೊಂಬತ್ತು ವರ್ಷದ ಹಿಂದೆ ಎಡ್ವಿನ್ ಜಾಬ್ಲಿಂಗ್‌ನ ಹೆಂಡತಿ ಹಿಲ್ಡಾ ಪ್ರತಿ ಶನಿವಾರ ಬಂದು ಈ ತಟ್ಟೆಗಳ ಮುಂದೆ ನಿಲ್ಲುತ್ತಿದ್ದಳು. ಎಡ್ವಿನ್‌ನ ಲೀಕ್ ಆ ವರ್ಷ ಎಲ್ಲರಿಗಿಂತ ಮುಂದಿತ್ತು. ತಟ್ಟೆ ಅವಳದೇ ಎಂದು ಊರಿಗೆಲ್ಲ ಗೊತ್ತಿತ್ತು. ಆದರೆ ಸ್ಪರ್ಧೆಯ ದಿನ ಬೆಳಗಾಗುವಷ್ಟರಲ್ಲಿ ಯಾರೋ ಅವನ ಗಿಡಗಳನ್ನೆಲ್ಲ ಬುಡದಲ್ಲಿ ಸೀಳಿ ಹಾಕಿದ್ದರು. ನಾನು ಗೆದ್ದೆ. ಎವ್ರಿಲ್ ಆರಾಮಕುರ್ಚಿ ತಾ ಎಂದಿದ್ದಳು. ನಾನು ತಟ್ಟೆ ಎತ್ತಿದೆ.

ಸೀಳಿದ್ದು ನಾನು. ಅಡುಗೆ ಮನೆಯ ಚಾಕುವಿನಿಂದ. ಹಿಂದಿನ ಸಂಜೆ ಎಡ್ವಿನ್ ಬಾರಿನಲ್ಲಿ ಎಲ್ಲರೆದುರು, "ನಾರ್ಮನ್ನನ ಲೀಕ್ ಸಾರಿಗೆ ಹಾಕಿದ್ರೆ ಹುಡುಕೋಕೆ ಭೂತಗನ್ನಡಿ ಬೇಕು" ಎಂದಿದ್ದ. ಎಲ್ಲ ನಕ್ಕಿದ್ದರು. ಅಷ್ಟೇ ಕಾರಣ. ಅದಕ್ಕಿಂತ ದೊಡ್ಡದು ಇದ್ದಿದ್ದರೆ ಹೇಳಿಕೊಳ್ಳಲಾದರೂ ಆಗುತ್ತಿತ್ತು.

ಹತ್ತು ಗಂಟೆಯ ಹೊತ್ತಿಗೆ ಕಂಬಳಿಗಳು ಹೋದವು, ಗಡಿಯಾರ ಹೋಯಿತು. ತಟ್ಟೆ ಹೋಗಲಿಲ್ಲ. ಬೆಲೆ ಇಳಿಸು ಎಂದು ಎವ್ರಿಲ್ ಮೇಲೆ ಎರಡು ಸಲ ಹಾರಾಡಿದೆ. ಮೂರನೆಯ ಸಲ ಬಾಯಿ ತೆರೆದಾಗ ಹಿಂದಿನಿಂದ ದನಿ ಕೇಳಿತು.

"ಏನೋ ನಾರ್ಮನ್, ಹೆಂಡ್ತೀನೂ ಮಾರೋಕಿಟ್ಟಿದ್ಯಾ?"

ಎಡ್ವಿನ್. ಎಪ್ಪತ್ತು ದಾಟಿದೆ, ಕೈಯಲ್ಲಿ ಬೇಕನ್ ಹಾಕಿದ ಬನ್ನು. ಪಕ್ಕದಲ್ಲಿ ಹಿಲ್ಡಾ.

"ಇವಳನ್ನ ತಗೊಳ್ಳೋರು ಯಾರು," ಎಂದೆ. "ಇಷ್ಟು ದೂರ ಬಂದಿದ್ದೀರಾ?"

"ಊರಿನ ಸಂತೇಲಿ ಬರೀ ಊರೋರ ಕಸ ಕಣೋ," ಎಂದ ಎಡ್ವಿನ್. "ಅಂತ ಇಲ್ಲಿಗೆ ಬಂದ್ರೆ ಇಲ್ಲೂ ನಿನ್ನ ಕಸವೇ!"

ಹಿಲ್ಡಾ ನಗಲಿಲ್ಲ. ಪೆಟ್ಟಿಗೆಯ ಮೇಲೆ ಬೆರಳಿಟ್ಟು ನಿಂತಿದ್ದಳು.

"ಅದೇ ಅಲ್ವಾ ಇದು?" ಎಂದಳು. "ಎವ್ರಿಲ್, ನೀನು ಇದನ್ನ ಬಿಚ್ಚೇ ಇಲ್ವಲ್ಲೇ!"

"ಬಿಚ್ಚೋಕೆ ಇವನು ಬಿಡಬೇಕಲ್ಲಮ್ಮ. ಕ್ರಿಸ್‌ಮಸ್‌ಗೆ ಒಂದ್ಸಲ ಅಟ್ಟದಿಂದ ಇಳಿಸ್ದೆ, ಮನೆ ಬಿದ್ದೋಗೋ ಹಾಗೆ ಕೂಗಾಡ್ದ. ಅದರಲ್ಲಿ ತಿಂದ್ರೆ ಎದೆ ಉರಿಯುತ್ತಂತೆ ಮಹಾರಾಯನಿಗೆ."

ಎಡ್ವಿನ್ ಬನ್ನು ಅಗಿಯುತ್ತ ನನ್ನನ್ನೇ ನೋಡಿದ. ಇವನಿಗೆ ಗೊತ್ತಾಯಿತು, ಮುಗಿಯಿತು ಎಂದುಕೊಂಡೆ. ಅವನು ನನ್ನ ಭುಜ ತಟ್ಟಿದ.

"ನನಗೋಸ್ಕರ ಬೇಜಾರು ಮಾಡ್ಕೊಂಡು ಇಟ್ಟಿದ್ಯೇನೋ? ಬಿಡೋ. ನೀನು ನ್ಯಾಯವಾಗಿ ಗೆದ್ದೆ. ಕಾವಲಿಗೆ ಕೂತು ಕತ್ತರಿಸಿದೋನು ನಮ್ಮ ಮನೆಯೋನೇ."

ಅವನ ತಮ್ಮ ಲೆನ್ನಿ ಅಂದು ತೋಟದ ಗುಡಿಸಿಲಲ್ಲಿ ಕಾವಲಿಗಿದ್ದ. ಕುಡಿದು ಗೊರಕೆ ಹೊಡೆಯುತ್ತಿದ್ದುದನ್ನು ನಾನು ಕೇಳಿಸಿಕೊಂಡೇ ಬೇಲಿ ದಾಟಿದ್ದೆ. ತಾನೂ ಸ್ಪರ್ಧೆಗಿಳಿದಿದ್ದ ಲೆನ್ನಿಗೆ ಎರಡನೆಯ ಬಹುಮಾನ ಬಂದದ್ದರಿಂದ ಎಲ್ಲರ ಬೆರಳೂ ಅವನ ಕಡೆ ತಿರುಗಿತು. ಕ್ಲಬ್ಬಿನವರು ಅವನ ಹೆಸರು ಹೊಡೆದುಹಾಕಿದರು. ಅಣ್ಣ ಮಾತು ಬಿಟ್ಟ. ಲೆನ್ನಿ ಸಮುದ್ರದ ಕಡೆಯ ಯಾವುದೋ ಊರಿಗೆ ಹೋದ. ಇದೆಲ್ಲ ಆಗುವಾಗ ನಾನು ಬಾರಿನಲ್ಲಿ ಕೂತು ಬಿಯರ್ ಕುಡಿಯುತ್ತಿದ್ದೆ. ಛೆ ಛೆ ಎಂದು ತಲೆಯಾಡಿಸಿದ್ದೆ ಕೂಡ.

"ಮೂವತ್ತಾ? ಇಪ್ಪತ್ತು ಮಾಡ್ಕೊಳ್ಳೇ," ಎಂದಳು ಹಿಲ್ಡಾ, ಪರ್ಸು ತೆಗೆಯುತ್ತ. ಅವಳ ಮುಖ ಹುಡುಗಿಯ ಮುಖದ ಹಾಗಾಗಿತ್ತು.

"ದುಡ್ಡು ಬೇಡ," ಎಂದೆ.

"ನೋಡಿದ್ಯಾ! ಯಾವತ್ತೂ ಬಿಯರ್ ಕೊಡಿಸದವನು," ಎಂದು ಎಡ್ವಿನ್ ನಕ್ಕ.

"ಬೇಡ ಅಂದೆನಲ್ಲ!" ನನ್ನ ದನಿ ಏರಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಲೆನ್ನಿ ಅಲ್ಲ. ನಾನು. ಸೀಳಿದ್ದು ನಾನು. ಲೆನ್ನಿ ನಿದ್ದೆ ಮಾಡ್ತಿದ್ದ."

ಎವ್ರಿಲ್ ನನ್ನಿಂದ ಒಂದು ಹೆಜ್ಜೆ ಸರಿದಳು. ಮೂವತ್ತು ವರ್ಷ ಜೊತೆಗಿದ್ದವಳು ಬಸ್ಸಿನಲ್ಲಿ ಕುಡುಕನಿಂದ ಸರಿಯುವ ಹಾಗೆ ಸರಿದಳು.

ಎಡ್ವಿನ್ ಬನ್ನನ್ನು ಮೇಜಿನ ಮೇಲಿಟ್ಟ. ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ನಾನೂ ಹೊಡೆಯುತ್ತಿದ್ದೆ. ಅದು ನನಗೆ ಗೊತ್ತಿರುವ ಕೆಲಸ. ಅವನು ಹೊಡೆಯಲಿಲ್ಲ.

"ಅಮ್ಮನ ಮಣ್ಣಿಗೆ ಲೆನ್ನಿ ಬಂದಿದ್ದ," ಎಂದ. "ಗೇಟಿನ ಹತ್ರ ನಿಂತಿದ್ದ. ಒಳಗೆ ಬಿಡಬೇಡಿ ಅಂದೆ ನಾನು."

ಹಿಲ್ಡಾ ಪರ್ಸಿನಿಂದ ಹಣ ತೆಗೆಯಲಿಲ್ಲ, ಫೋನ್ ತೆಗೆದಳು.

"ಅವನ ನಂಬರ್ ನಿನ್ನ ಹತ್ರ ಹೇಗೆ?" ಎಂದ ಎಡ್ವಿನ್.

"ಪ್ರತಿ ಕ್ರಿಸ್‌ಮಸ್‌ಗೂ ಮಾತಾಡ್ತೀನಿ. ನಿನಗೆ ಹೇಳಿದ್ರೆ ಕೇಳ್ತಿದ್ಯಾ?" ಎಂದು ಅವಳು ಗುಂಡಿ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ನನ್ನ ಮುಂದೆ ಹಿಡಿದಳು. "ನನಗಲ್ಲ ಹೇಳ್ಬೇಕಾದ್ದು. ತಗೋ."

"ಈಗ್ಲಾ? ಇಲ್ಲಿ?"

"ಈಗ್ಲೇ. ಇಲ್ಲೇ. ಇವನೂ ಕೇಳಲಿ."

ಸುತ್ತ ಆಗಲೇ ಹತ್ತು ಜನ ಸೇರಿದ್ದರು. ಫೋನ್ ರಿಂಗಾಯಿತು. ತೆಗೆಯದಿರಲಿ ಎಂದು ಬೇಡಿಕೊಂಡೆ. ಈಗಲೂ ಹಾಗೆ ಬೇಡಿಕೊಳ್ಳುವವನು ನಾನು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬೇಡಿಕೊಂಡೆ.

ತೆಗೆದ. ಮುದುಕನ ದನಿ, ಗಾಬರಿಯ ದನಿ.

"ಹಿಲ್ಡಾ? ಹಬ್ಬವೂ ಅಲ್ಲ, ಏನೂ ಅಲ್ಲ... ಏನಾಯ್ತು? ಅಣ್ಣ ಹೋಗ್ಬಿಟ್ನಾ?"

ಎಡ್ವಿನ್ ಮುಖ ತಿರುಗಿಸಿಕೊಂಡು ನಮ್ಮ ಕಾರಿನ ಮೇಲೆ ಕೈಯೂರಿದ.

"ಇಲ್ಲ, ಲೆನ್ನಿ," ಎಂದೆ ನಾನು. "ಅವನು ಚೆನ್ನಾಗಿದ್ದಾನೆ. ನಾನು ನಾರ್ಮನ್ ಮಾತಾಡ್ತಿರೋದು."